ಜಿಎಂಟಿಯ ಜಿಆರ್‌ಡಿಟ್ರ್ಯಾಕ್: ಗೆರೆಯೊಂದರ ಉದ್ದಕ್ಕೂ ನೆಲ, ಮಳೆ, ಕಡಲಾಳವನ್ನು ಓದುವ ಸಾಧನ

ಮಂಗಳೂರಿನಿಂದ ಬೆಂಗಳೂರಿಗೆ ಭೂಪಟದ ಮೇಲೆ ಒಂದು ನೇರ ಗೆರೆ ಎಳೆದು, ಆ ಗೆರೆಯುದ್ದಕ್ಕೂ ಕಿಲೋಮೀಟರಿಗೊಮ್ಮೆ ನೆಲ ಎಷ್ಟು ಎತ್ತರದಲ್ಲಿದೆ ಎಂದು ಪಟ್ಟಿ ಮಾಡುವುದು ಕೇಳಲು ಸಣ್ಣ ಕೆಲಸ. ಎತ್ತರದ ಮಾಹಿತಿ ಇಂದು ಉಚಿತವಾಗಿಯೇ ಸಿಗುತ್ತದೆ; ಆದರೆ ಅದು ಸಿಗುವುದು ರೇಖಾಂಶ ಅಕ್ಷಾಂಶಗಳ ಉದ್ದಕ್ಕೂ ಸಮ ಅಂತರದಲ್ಲಿ ಜೋಡಿಸಿಟ್ಟ ಸಂಖ್ಯೆಗಳ ರೂಪದಲ್ಲಿ, ಅಂದರೆ ಗ್ರಿಡ್ ರೂಪದಲ್ಲಿ. ನಾವು ಎಳೆದ ಗೆರೆಯಾಗಲಿ, ಬಸ್ಸು ಸಾಗಿದ ರಸ್ತೆಯಾಗಲಿ, ಹಡಗಿನ ಹಾದಿಯಾಗಲಿ ಆ ಬಿಂದುಗಳ ಮೇಲೆಯೇ ಹಾದುಹೋಗುವುದಿಲ್ಲ. ಬಿಂದುಗಳ ನಡುವಿನ ಜಾಗಕ್ಕೆ ಸುತ್ತಲಿನ ಬೆಲೆಗಳಿಂದ, ಅಂದರೆ ಆ ಬಿಂದುಗಳ ಸಂಖ್ಯೆಗಳಿಂದ, ಒಂದು ಬೆಲೆಯನ್ನು ಅಂದಾಜು ಮಾಡಬೇಕು. ಇದನ್ನೇ ಇಂಟರ್‌ಪೊಲೇಷನ್ ಎನ್ನುತ್ತಾರೆ. ಈ ಒಂದು ಕೆಲಸವನ್ನು, ಆದೇಶಗಳನ್ನು ಟೈಪ್ ಮಾಡುವ ಕಮಾಂಡ್ ಲೈನ್‌ನಲ್ಲಿ ಮಾಡಿಕೊಡುವ ಸಾಧನವೇ ಜಿಎಂಟಿ (ಜೆನೆರಿಕ್ ಮ್ಯಾಪಿಂಗ್ ಟೂಲ್ಸ್) ಎಂಬ ನಕ್ಷೆ ತಂತ್ರಾಂಶದೊಳಗಿನ ಜಿಆರ್‌ಡಿಟ್ರ್ಯಾಕ್. ಹಲವು ವರ್ಷಗಳಿಂದ ಇದನ್ನು ಎತ್ತರ, ಮಳೆ ಮತ್ತು ಸಮುದ್ರದಾಳದ ಗ್ರಿಡ್‌ಗಳ ಮೇಲೆ ಬಳಸುತ್ತ ಬಂದಿರುವ ನಾನು, ಇದನ್ನು ಯಾವ ಕೆಲಸಕ್ಕೆ ಕಣ್ಣುಮುಚ್ಚಿ ನಂಬಬಹುದು, ಯಾವ ಕೆಲಸದಲ್ಲಿ ಕೈ ತಡೆದು ಯೋಚಿಸಬೇಕು ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಜಿಎಂಟಿ ಹುಟ್ಟಿದ ಮನೆಯನ್ನು ತಿಳಿದುಕೊಂಡರೆ ಈ ಸಾಧನದ ಸ್ವಭಾವ ಅರ್ಥವಾಗುತ್ತದೆ. 1980ರ ದಶಕದ ಕೊನೆಯಲ್ಲಿ ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದ ಲಾಮೊಂಟ್ ಸಂಸ್ಥೆಯಲ್ಲಿ ಸಂಶೋಧನಾ ವಿದ್ಯಾರ್ಥಿಗಳಾಗಿದ್ದ ಪಾಲ್ ವೆಸೆಲ್ ಮತ್ತು ವಾಲ್ಟರ್ ಸ್ಮಿತ್ ಇದನ್ನು ಆರಂಭಿಸಿದರು. ಇಬ್ಬರದೂ ಸಾಗರ ಭೂಭೌತ ವಿಜ್ಞಾನದ ಹಿನ್ನೆಲೆ. ಹಡಗು ಸಾಗಿದ ದಾರಿಯುದ್ದಕ್ಕೂ ಅಳೆದ ಆಳ, ಗುರುತ್ವ ಮತ್ತು ಕಾಂತತ್ವದ ಸಂಖ್ಯೆಗಳನ್ನು ಗ್ರಿಡ್‌ಗಳೊಡನೆ ಹೋಲಿಸುವುದು ಅವರ ಕ್ಷೇತ್ರದ ನಿತ್ಯದ ಕೆಲಸ. ವೆಸೆಲ್ ಮುಂದೆ ಹವಾಯಿ ವಿಶ್ವವಿದ್ಯಾಲಯದಲ್ಲಿದ್ದುಕೊಂಡು, 2024ರಲ್ಲಿ ತೀರಿಕೊಳ್ಳುವವರೆಗೂ ಈ ತಂತ್ರಾಂಶವನ್ನು ಬೆಳೆಸಿದರು. ಈಗ ಬಳಕೆಯಲ್ಲಿರುವ 6ನೇ ಆವೃತ್ತಿ 2019ರಲ್ಲಿ ಹೊರಬಂದಿತು. ತಂತ್ರಾಂಶ ಉಚಿತವೂ ಹೌದು, ಮುಕ್ತವೂ ಹೌದು. ಗುರುತ್ವ ಮತ್ತು ಕಡಲಾಳದ ಗ್ರಿಡ್‌ಗಳು ನಯವಾಗಿ ಏರಿಳಿಯುವಂಥವು. ಜಿಆರ್‌ಡಿಟ್ರ್ಯಾಕ್‌ನ ಪೂರ್ವನಿಗದಿತ ಆಯ್ಕೆಗಳು ಅಂಥ ಗ್ರಿಡ್‌ಗಳಿಗೆ ಹೇಳಿ ಮಾಡಿಸಿದಂತಿವೆ. ಬೇರೆ ಬಗೆಯ ಗ್ರಿಡ್ ಕೊಟ್ಟಾಗಲೂ ಸಾಧನ ಅದೇ ಆಯ್ಕೆಗಳೊಂದಿಗೆ ಮರುಮಾತಿಲ್ಲದೆ ಉತ್ತರಿಸುತ್ತದೆ ಎಂಬುದೇ ನನ್ನ ಮುಖ್ಯ ತಕರಾರು.

ಮೂಲಭೂತ ಬಳಕೆ ಸರಳವಾಗಿದೆ. ಒಂದು ಪಠ್ಯ ಕಡತದಲ್ಲಿ ಸಾಲಿಗೊಂದು ಸ್ಥಳದಂತೆ ಮೊದಲು ರೇಖಾಂಶ, ಆಮೇಲೆ ಅಕ್ಷಾಂಶ ಬರೆದು, ಜಿ ಆಯ್ಕೆಯಲ್ಲಿ ಗ್ರಿಡ್ ಕಡತದ ಹೆಸರು ಕೊಟ್ಟರೆ, ಪ್ರತಿ ಸಾಲಿನ ಕೊನೆಗೆ ಆ ಸ್ಥಳದ ಬೆಲೆ ಹೊಸ ಕಾಲಂ ಆಗಿ ಸೇರಿಕೊಂಡು ಹೊರಬರುತ್ತದೆ. ಸಾಲಿನಲ್ಲಿ ಮೊದಲೇ ಇದ್ದ ಉಳಿದ ಕಾಲಂಗಳು ಹಾಗೆಯೇ ಉಳಿಯುತ್ತವೆ. ಮೊಬೈಲ್ ನಕ್ಷೆಗಳು ಅಕ್ಷಾಂಶವನ್ನು ಮೊದಲು ತೋರಿಸುವುದರಿಂದ, ಅಲ್ಲಿಂದ ನಕಲು ಮಾಡಿದವರು ಕ್ರಮವನ್ನು ಅದಲುಬದಲು ಮಾಡಬೇಕು, ಇಲ್ಲವೇ ಅದಕ್ಕೆಂದೇ ಇರುವ ಕೋಲನ್ ಆಯ್ಕೆಯನ್ನು ಬಳಸಬೇಕು. ಕರ್ನಾಟಕದ ಬಿಂದುವೊಂದರ ಕ್ರಮ ತಪ್ಪಿದರೆ ಅದು ಆರ್ಕ್‌ಟಿಕ್ ವೃತ್ತದಾಚೆಗೆ ಹೋಗಿ ಬೀಳುತ್ತದೆ. ಜಗತ್ತಿನ ಗ್ರಿಡ್ ಬಳಸುತ್ತಿದ್ದರೆ ಅಲ್ಲಿಯೂ ಒಂದು ಬೆಲೆ ಸಿಕ್ಕೇ ಸಿಗುವುದರಿಂದ, ತಪ್ಪು ಒಡನೆ ಗೊತ್ತಾಗದೆ ಹೋಗಬಹುದು.

ಸ್ಥಳಗಳ ಪಟ್ಟಿಯೇ ಇಲ್ಲದಿದ್ದರೆ ಇ ಆಯ್ಕೆ ಇದೆ. ಎರಡು ತುದಿಗಳನ್ನೂ ಹೆಜ್ಜೆಯ ಅಂತರವನ್ನೂ ಹೇಳಿದರೆ ಸಾಧನವೇ ನಡುವಿನ ಬಿಂದುಗಳನ್ನು ಹುಟ್ಟಿಸಿಕೊಳ್ಳುತ್ತದೆ. ಕೇಳಿಕೊಂಡರೆ ಆರಂಭದಿಂದ ಎಷ್ಟು ದೂರ ಎಂಬ ಕಾಲಮನ್ನೂ ಸೇರಿಸುತ್ತದೆ. ಮಂಗಳೂರು-ಬೆಂಗಳೂರು ಗೆರೆಯನ್ನು ಹೀಗೆ ಒಂದು ಕಿಲೋಮೀಟರ್ ಹೆಜ್ಜೆಯಲ್ಲಿ ಕೊಟ್ಟಾಗ ಸುಮಾರು 298 ಕಿಲೋಮೀಟರಿನ, ಮುನ್ನೂರರಷ್ಟು ಸಾಲುಗಳ ಪಟ್ಟಿ ಬರುತ್ತದೆ. ಎತ್ತರದ ಗ್ರಿಡ್ ಹುಡುಕುವ ತಾಪತ್ರಯವೂ ಇಲ್ಲ. ಜಿಎಂಟಿಯ ದೂರದ ಸರ್ವರ್‌ನಲ್ಲಿ ಇಡೀ ಭೂಮಿಯ ಎತ್ತರ ಮತ್ತು ಆಳದ ಗ್ರಿಡ್‌ಗಳು ಒಂದು ಡಿಗ್ರಿಯಿಂದ ಒಂದು ಸೆಕೆಂಡಿನವರೆಗೆ (ಡಿಗ್ರಿಯ ಅರವತ್ತನೇ ಒಂದು ಭಾಗ ಮಿನಿಟು, ಮಿನಿಟಿನ ಅರವತ್ತನೇ ಒಂದು ಭಾಗ ಸೆಕೆಂಡು) ಬೇರೆ ಬೇರೆ ಸೂಕ್ಷ್ಮತೆಯಲ್ಲಿವೆ. ಅಟ್ ಚಿಹ್ನೆಯೊಂದಿಗೆ ಹೆಸರು ಬರೆದರೆ ಬೇಕಾದ ಭಾಗ ಒಮ್ಮೆ ಇಳಿದು ನಮ್ಮ ಗಣಕದಲ್ಲಿ ಉಳಿಯುತ್ತದೆ. ಇಂಟರ್ನೆಟ್ ನಿಧಾನವಿರುವ ಕಡೆ ಕೆಲಸ ಮಾಡುವವರಿಗೆ ಇದು ದೊಡ್ಡ ಅನುಕೂಲ. ಆದರೆ ಸೂಕ್ಷ್ಮ ಗ್ರಿಡ್ ಬಳಸುವಾಗ ಆರ್ ಆಯ್ಕೆಯಿಂದ ಪ್ರದೇಶವನ್ನು ಕಿರಿದುಗೊಳಿಸಿ ಹೇಳುವುದನ್ನು ಮರೆಯಬಾರದು.

ಈ ಗೆರೆಯ ಚಿತ್ರ ನಮ್ಮ ನಾಡಿನ ಭೂಗೋಳವನ್ನು ಒಂದೇ ನೋಟಕ್ಕೆ ಕಾಣಿಸುತ್ತದೆ. ಮೊದಲ ಎಪ್ಪತ್ತು ಎಂಬತ್ತು ಕಿಲೋಮೀಟರ್ ಕರಾವಳಿಯ ತಗ್ಗು ದಿಬ್ಬಗಳು. ಶಿರಾಡಿಯ ಆಸುಪಾಸಿನಲ್ಲಿ ಗೋಡೆಯಂತೆ ಎದ್ದ ಘಟ್ಟ. ಸಕಲೇಶಪುರ ದಾಟಿದ ಮೇಲೆ ಎಂಟುನೂರು ಒಂಬೈನೂರು ಮೀಟರಿನ ಸುತ್ತ ತೂಗುವ ಬಯಲು. ಘಟ್ಟದ ಕೆಳಗೆ, ಘಟ್ಟದ ಮೇಲೆ ಎಂದು ನಾವು ಮಾತಿನಲ್ಲಿ ಮಾಡುವ ಭೇದ ಇಲ್ಲಿ ಗೆರೆಯ ಏರಿಕೆಯಾಗಿ ಕಾಣುತ್ತದೆ.

ಇದೇ ಗೆರೆ ಒಂದು ಎಚ್ಚರಿಕೆಯನ್ನೂ ಕೊಡುತ್ತದೆ. ಮಾಗಡಿಯ ಬಳಿ 1226 ಮೀಟರ್ ಎತ್ತರದ ಸಾವನದುರ್ಗದ ಏಕಶಿಲೆ ಇದೆ. ಪಟ್ಟಿಯಲ್ಲಿ ಅದನ್ನು ಹುಡುಕಿದರೆ ಸಿಗುವುದಿಲ್ಲ, ಏಕೆಂದರೆ ನಮ್ಮ ಗೆರೆ ಅದರ ಉತ್ತರಕ್ಕೆ ಸುಮಾರು ನಾಲ್ಕು ಕಿಲೋಮೀಟರ್ ದೂರದಲ್ಲಿ ಹಾದುಹೋಗುತ್ತದೆ. ಗೆರೆಯನ್ನು ಬಂಡೆಯ ಮೇಲೆಯೇ ಹಾಯಿಸಿದರೂ, ಒಂದು ಮಿನಿಟಿನ ಗ್ರಿಡ್‌ನಲ್ಲಿ ಅದರ ಪೂರ್ಣ ಎತ್ತರ ಸಿಗುವುದಿಲ್ಲ. ಅಲ್ಲಿ ಬಿಂದುವಿನಿಂದ ಬಿಂದುವಿಗೆ 1.85 ಕಿಲೋಮೀಟರ್ ಅಂತರವಿದೆ. ಒರಟು ಗ್ರಿಡ್‌ಗಳನ್ನು ಸೂಕ್ಷ್ಮ ಗ್ರಿಡ್‌ನಿಂದ ಸರಾಸರಿ ಮಾಡಿ ತಯಾರಿಸಿರುವುದರಿಂದ ಶಿಖರಗಳು ಸವೆದು ತಗ್ಗಿರುತ್ತವೆ. ಯಾವ ಇಂಟರ್‌ಪೊಲೇಷನ್ ವಿಧಾನವೂ ಗ್ರಿಡ್‌ನಲ್ಲಿಲ್ಲದ ಶಿಖರವನ್ನು ಮರಳಿ ತರಲಾರದು. ಇಂಥ ಬಂಡೆಗಳಿಗೆ ಒಂದು ಸೆಕೆಂಡಿನ, ಅಂದರೆ ಸುಮಾರು 30 ಮೀಟರಿನ ಗ್ರಿಡ್ ಬೇಕು. 2000ದ ಫೆಬ್ರುವರಿಯಲ್ಲಿ ಎಂಡೆವರ್ ಬಾಹ್ಯಾಕಾಶ ನೌಕೆ ಹನ್ನೊಂದು ದಿನ ರೇಡಾರ್‌ನಿಂದ ಅಳೆದು ತಂದ ಎಸ್‌ಆರ್‌ಟಿಎಂ ಮಾಹಿತಿ ಆ ಬಗೆಯದು.

ಇನ್ನು ನನ್ನ ತಕರಾರಿನ ವಿಷಯಕ್ಕೆ ಬರುತ್ತೇನೆ. ಜಿಆರ್‌ಡಿಟ್ರ್ಯಾಕ್ ಬೇರೇನೂ ಹೇಳದಿದ್ದರೆ ಬೈಕ್ಯೂಬಿಕ್ ವಿಧಾನ ಬಳಸುತ್ತದೆ. ಸುತ್ತಲಿನ ಹದಿನಾರು ಬಿಂದುಗಳನ್ನು ನೋಡಿ, ಅವುಗಳ ನಡುವೆ ಬಾಗಿದ ನಯವಾದ ಮೇಲ್ಮೈಯನ್ನು ಕಲ್ಪಿಸಿ, ಅದರ ಮೇಲಿನ ಬೆಲೆಯನ್ನು ಕೊಡುತ್ತದೆ. ಗುರುತ್ವದಂಥ ನಯವಾದ ಗ್ರಿಡ್‌ಗೆ ಇದಕ್ಕಿಂತ ಒಳ್ಳೆಯ ಆಯ್ಕೆ ಬೇಕಿಲ್ಲ. ಆದರೆ ಬೆಲೆಗಳು ಥಟ್ಟನೆ ಜಿಗಿಯುವ ಕಡೆ ಈ ಬಾಗಿದ ಮೇಲ್ಮೈ ಜಿಗಿತದ ಎರಡೂ ಬದಿಯಲ್ಲಿ ಮಿತಿ ಮೀರುತ್ತದೆ. ಭಾರತೀಯ ಹವಾಮಾನ ಇಲಾಖೆಯ ದೈನಂದಿನ ಮಳೆಯ ಗ್ರಿಡ್ ಇದಕ್ಕೆ ಒಳ್ಳೆಯ ಉದಾಹರಣೆ. 1901ರಿಂದ ಈಚಿನ ಮಾಹಿತಿಯುಳ್ಳ ಈ ಗ್ರಿಡ್‌ನಲ್ಲಿ ಕಾಲು ಡಿಗ್ರಿ ಅಂತರದ ಬಿಂದುಗಳು ಪೂರ್ವ ಪಶ್ಚಿಮವಾಗಿ 135, ಉತ್ತರ ದಕ್ಷಿಣವಾಗಿ 129 ಇವೆ. ಆಗುಂಬೆಯ ಕಡೆ ಧಾರಾಕಾರ ಸುರಿದು ಬಯಲುಸೀಮೆಯಲ್ಲಿ ಹನಿಯೂ ಬೀಳದ ದಿನದ ಗ್ರಿಡ್ ಮೇಲೆ ಪೂರ್ವನಿಗದಿತ ಆಯ್ಕೆಯಲ್ಲೇ ಗೆರೆ ಹಾಯಿಸಿದರೆ, ಒಣ ಅಂಚಿನಲ್ಲಿ ಸೊನ್ನೆಗಿಂತ ಕಡಿಮೆ ಮಳೆ ಬಂದಂತೆ ಸಂಖ್ಯೆಗಳು ಕಾಣಿಸಿಕೊಳ್ಳಬಲ್ಲವು. ಋಣ ಮಳೆ ಎಂಬುದಿಲ್ಲ. ಸಾಧನಕ್ಕೆ ಅದು ಮಳೆ ಎಂದು ಗೊತ್ತಿಲ್ಲದ ಕಾರಣ ಎಚ್ಚರಿಕೆಯೂ ಬರುವುದಿಲ್ಲ. ಸಣ್ಣಕ್ಷರದ ಎನ್ ಆಯ್ಕೆಯಲ್ಲಿ ಎಲ್ ಎಂದು ಬರೆದು ಬೈಲೀನಿಯರ್ ವಿಧಾನಕ್ಕೆ ಬದಲಾಯಿಸಿದರೆ ಉತ್ತರ ಸುತ್ತಲಿನ ನಾಲ್ಕು ಬಿಂದುಗಳ ಕನಿಷ್ಠ ಗರಿಷ್ಠಗಳ ನಡುವೆಯೇ ಉಳಿಯುತ್ತದೆ. ಮಳೆಗೆ ನಾನು ಬಳಸುವುದು ಅದನ್ನೇ, ಬೇರೆಯವರೂ ಬಳಸಬೇಕೆಂಬುದು ನನ್ನ ಸ್ಪಷ್ಟ ಅಭಿಪ್ರಾಯ.

ಮಳೆಯ ಗ್ರಿಡ್‌ನಲ್ಲಿ ಇನ್ನೂ ಮೂರು ಕಡೆ ಕಾಲು ಜಾರುತ್ತದೆ. ಇಲಾಖೆಯ ಬೈನರಿ ಕಡತದ ಹೆಸರಿನ ಕೊನೆಯಲ್ಲಿ ಜಿಆರ್‌ಡಿ ಎಂದಿದ್ದರೂ ಅದು ಜಿಎಂಟಿ ಓದುವ ಗ್ರಿಡ್ ಕಡತವಲ್ಲ. ಅದನ್ನು ಮೊದಲು ಪರಿವರ್ತಿಸಬೇಕು. ಹಾಗೆ ಪರಿವರ್ತಿಸುವಾಗ ಮಾಹಿತಿಯಿಲ್ಲದ ಕಡೆ ತುಂಬಿರುವ -999 ಎಂಬ ಸಂಖ್ಯೆಯನ್ನು ಬೆಲೆ ಇಲ್ಲ ಎಂದು ಸೂಚಿಸುವ ನ್ಯಾನ್ ಗುರುತಿಗೆ ಬದಲಾಯಿಸಲೇಬೇಕು. ಮರೆತರೆ ಕರಾವಳಿಯುದ್ದಕ್ಕೂ ಆ -999 ಪಕ್ಕದ ನಿಜವಾದ ಮಳೆಯೊಂದಿಗೆ ಬೆರೆತುಹೋಗುತ್ತದೆ.

ಎರಡನೆಯದು ಬಿಂದುಗಳ ನೆಲೆ. ಗ್ರಿಡ್‌ನ ಬೆಲೆ ಗೆರೆಗಳು ಕೂಡುವ ಬಿಂದುವಿನದ್ದೋ, ಚೌಕದ ನಡುವಿನದ್ದೋ ಎಂಬ ಭೇದವನ್ನು ಜಿಎಂಟಿ ಕಟ್ಟುನಿಟ್ಟಾಗಿ ಪಾಲಿಸುತ್ತದೆ. ಪರಿವರ್ತಿಸುವಾಗ ಇದನ್ನು ತಪ್ಪಾಗಿ ಹೇಳಿದರೆ ಇಡೀ ಗ್ರಿಡ್ ಅರ್ಧ ಚೌಕದಷ್ಟು, ಅಂದರೆ ಹದಿಮೂರು ಕಿಲೋಮೀಟರಿಗೂ ಹೆಚ್ಚು, ಪಕ್ಕಕ್ಕೆ ಸರಿಯುತ್ತದೆ. ಸಮತಟ್ಟಾದ ನಾಡಿನಲ್ಲಿ ಇದು ಕ್ಷಮಿಸಬಹುದಾದ ತಪ್ಪು. ವರ್ಷಕ್ಕೆ 7000 ಮಿಲಿಮೀಟರ್ ದಾಟುವ ಆಗುಂಬೆಯಿಂದ ಹೊರಟು 160 ಕಿಲೋಮೀಟರಿನೊಳಗೆ ಚಿತ್ರದುರ್ಗದ ಮಳೆನೆರಳಿಗೆ ತಲುಪುವ ನಮ್ಮ ಕಡೆ ಹದಿಮೂರು ಕಿಲೋಮೀಟರ್ ಎಂದರೆ ಮಲೆನಾಡನ್ನೇ ಜರುಗಿಸಿದಂತೆ. ಅದೇ ಗೆರೆಯ ಮೇಲೆ ಕಿಲೋಮೀಟರಿಗೊಂದರಂತೆ 160 ಬೆಲೆಗಳನ್ನು ತೆಗೆದು ಬಹಳ ಸೂಕ್ಷ್ಮವಾಗಿ ಅಳೆದೆವೆಂದು ಭಾವಿಸುವುದೂ ತಪ್ಪು. ಕಾಲು ಡಿಗ್ರಿ ಎಂದರೆ ಸುಮಾರು 27 ಕಿಲೋಮೀಟರ್ ಆದ್ದರಿಂದ, ಆ ಗೆರೆಯಲ್ಲಿ ನಿಜವಾಗಿ ಇರುವುದು ಆರೇಳು ಬಿಂದುಗಳ ಮಾಹಿತಿ ಮಾತ್ರ. ಉಳಿದದ್ದು ನಡುವೆ ತುಂಬಿದ್ದು.

ಮೂರನೆಯದು ಕಡಲಂಚು. ಮಳೆಯ ಗ್ರಿಡ್‌ಗೆ ಸಮುದ್ರದ ಮೇಲೆ ಬೆಲೆಗಳಿಲ್ಲ. ಕರಾವಳಿಯ ಊರೊಂದರ ಸುತ್ತಲಿನ ಬಿಂದುಗಳಲ್ಲಿ ಕೆಲವು ನೀರಿನ ಮೇಲೆ ಬಿದ್ದರೆ, ಬೆಲೆಯುಳ್ಳ ಬಿಂದುಗಳ ಒಟ್ಟು ತೂಕ (ಅಂದಾಜಿನಲ್ಲಿ ಅವುಗಳ ಪಾಲು) ಅರ್ಧ ದಾಟಿದ್ದರೆ ಮಾತ್ರ ಸಾಧನ ಉತ್ತರ ಕೊಡುತ್ತದೆ, ಇಲ್ಲವಾದರೆ ನ್ಯಾನ್ ಎನ್ನುತ್ತದೆ. ಈ ಅರ್ಧದ ಮಿತಿಯನ್ನು ನಾವೇ ಏರಿಸಬಹುದು, ಇಳಿಸಬಹುದು. ಒಂದಕ್ಕೆ ಏರಿಸಿದರೆ ಸುತ್ತಲಿನ ಒಂದು ಬಿಂದುವಿನಲ್ಲಿ ಬೆಲೆ ಇಲ್ಲದಿದ್ದರೂ ಉತ್ತರ ಬರುವುದಿಲ್ಲ. ಟಿ ಆಯ್ಕೆ ಕೊಟ್ಟರೆ ನ್ಯಾನ್ ಬಂದ ಕಡೆ ಹತ್ತಿರದ ಬೆಲೆಯುಳ್ಳ ಬಿಂದುವನ್ನು ಹುಡುಕಿ ತರುತ್ತದೆ. ಎಷ್ಟು ದೂರದವರೆಗೆ ಹುಡುಕಬೇಕು ಎಂಬ ಮಿತಿಯನ್ನು ಹಾಕಬಹುದು, ಎಷ್ಟು ದೂರದಿಂದ ತಂದಿತು ಎಂಬುದನ್ನೂ ಬರೆಸಿಕೊಳ್ಳಬಹುದು. ಆ ದೂರವನ್ನು ದಾಖಲಿಸದೆ ಈ ಆಯ್ಕೆಯನ್ನು ಬಳಸಬಾರದೆಂದು ನನ್ನ ವಿನಂತಿ.

ಇವೆಲ್ಲಕ್ಕಿಂತ ಹೆಚ್ಚು ಅಪಾಯಕಾರಿಯೆಂದು ನನಗೆ ಅನ್ನಿಸಿರುವುದು ಬೇರೊಂದು ನಡವಳಿಕೆ. ಕೊಟ್ಟ ಸ್ಥಳ ಗ್ರಿಡ್‌ನ ಎಲ್ಲೆಯ ಹೊರಗಿದ್ದರೆ ಜಿಆರ್‌ಡಿಟ್ರ್ಯಾಕ್ ಆ ಸಾಲನ್ನೇ ಕೈಬಿಡುತ್ತದೆ. ಸಾವಿರ ಸಾಲು ಕೊಟ್ಟು ಒಂಬೈನೂರ ತೊಂಬತ್ತು ಪಡೆದವರು, ಆ ಬೆಲೆಗಳನ್ನು ಮೂಲ ಪಟ್ಟಿಯ ಪಕ್ಕದಲ್ಲಿ ಅಂಟಿಸಿದರೆ, ಬಿಟ್ಟುಹೋದ ಸಾಲಿನಿಂದ ಮುಂದಕ್ಕೆ ಒಂದು ಊರಿನ ಬೆಲೆ ಮತ್ತೊಂದು ಊರಿನ ಹೆಸರಿಗೆ ಸೇರುತ್ತಾ ಹೋಗುತ್ತದೆ. ಬೆಲೆಗಳನ್ನಷ್ಟೇ ಬರೆಯುವ ಜೆಡ್ ಆಯ್ಕೆಯೊಂದಿಗೆ ಇದು ಸೇರಿಕೊಂಡರೆ ತಪ್ಪನ್ನು ಪತ್ತೆ ಮಾಡುವ ದಾರಿಯೇ ಉಳಿಯುವುದಿಲ್ಲ. ಒಮ್ಮೆ ನನ್ನ ಪಟ್ಟಿಯೊಂದು ಹೀಗೆ ಕಲಸಿಹೋಗಿ, ಎರಡು ದಿನದ ಕೆಲಸವನ್ನು ಮತ್ತೆ ಮೊದಲಿನಿಂದ ಮಾಡಬೇಕಾಯಿತು. ದೊಡ್ಡಕ್ಷರದ ಎನ್ ಆಯ್ಕೆ ಕೊಟ್ಟರೆ ಸಾಲು ಉಳಿದು ಬೆಲೆಯ ಜಾಗದಲ್ಲಿ ನ್ಯಾನ್ ಬರುತ್ತದೆ. ಇದೇ ಪೂರ್ವನಿಗದಿತವಾಗಿರಬೇಕಿತ್ತು. ಸಣ್ಣಕ್ಷರದ ಎನ್ ಇಂಟರ್‌ಪೊಲೇಷನ್ ವಿಧಾನಕ್ಕೆ, ದೊಡ್ಡಕ್ಷರದ ಎನ್ ಸಾಲುಗಳನ್ನು ಉಳಿಸಿಕೊಳ್ಳುವುದಕ್ಕೆ ಎಂಬುದು ಹೊಸಬರನ್ನು ಗೊಂದಲಕ್ಕೆ ದೂಡುವುದಂತೂ ಖಚಿತ.

ಸಮುದ್ರಕ್ಕೆ ಇಳಿದರೆ ಸಾಧನ ತನ್ನ ತವರಿಗೆ ಬಂದಂತೆ ಕೆಲಸ ಮಾಡುತ್ತದೆ. ಮಂಗಳೂರಿನಿಂದ ಲಕ್ಷದ್ವೀಪದ ಕವರತ್ತಿಗೆ ಸುಮಾರು 350 ಕಿಲೋಮೀಟರ್. ಈ ಗೆರೆಯ ಮೇಲೆ ಜಿ ಆಯ್ಕೆಯನ್ನು ಹಲವು ಬಾರಿ ಬರೆದು ಕಡಲಾಳ ಮತ್ತು ಗುರುತ್ವದ ಗ್ರಿಡ್‌ಗಳನ್ನು ಒಟ್ಟಿಗೆ ಕೊಟ್ಟರೆ ಎರಡರ ಬೆಲೆಗಳೂ ಅಕ್ಕಪಕ್ಕದ ಕಾಲಂಗಳಲ್ಲಿ ಒಂದೇ ಓಟದಲ್ಲಿ ಸಿಗುತ್ತವೆ. ಗ್ರಿಡ್‌ಗಳ ಸೂಕ್ಷ್ಮತೆ ಬೇರೆ ಬೇರೆಯಿದ್ದರೂ ತೊಂದರೆಯಿಲ್ಲ.

ಕಡಲಾಳಕ್ಕೆ, ಜಗತ್ತಿನ ಸಾಗರಗಳ ಆಳದ ನಕ್ಷೆ ತಯಾರಿಸುವ ಜೆಬ್ಕೊ ಯೋಜನೆಯ ಹದಿನೈದು ಸೆಕೆಂಡಿನ ಗ್ರಿಡ್ ಬಳಸುವವರು ಅದರ ಜೊತೆಗೇ ಬರುವ ಟಿಐಡಿ ಎಂಬ ಗ್ರಿಡ್‌ನಿಂದಲೂ ಅದೇ ಗೆರೆಯ ಬೆಲೆಗಳನ್ನು ತೆಗೆಯಬೇಕು. 1903ರಲ್ಲಿ ಮೊನಾಕೊದ ರಾಜಕುಮಾರ ಒಂದನೇ ಆಲ್ಬರ್ಟ್ ಅವರ ಮುಂದಾಳತನದಲ್ಲಿ ಶುರುವಾದ ಈ ಯೋಜನೆ ತನ್ನ ಗ್ರಿಡ್‌ನ ಪ್ರತಿ ಚೌಕದ ಆಳವೂ ಎಲ್ಲಿಂದ ಬಂತು ಎಂಬುದನ್ನು ಸಂಕೇತ ಸಂಖ್ಯೆಯಲ್ಲಿ ಹೇಳುತ್ತದೆ. 11 ಎಂದರೆ ಹಡಗಿನಿಂದ ಮಲ್ಟಿಬೀಮ್ ಸೋನಾರ್‌ನಲ್ಲಿ ಅಳೆದದ್ದು. 40 ಎಂದರೆ ಉಪಗ್ರಹ ಅಳೆದ ಗುರುತ್ವದಿಂದ ಊಹಿಸಿದ್ದು. ಜಿಎಂಟಿಯ ವಾಲ್ಟರ್ ಸ್ಮಿತ್ ಅವರೇ ಡೇವಿಡ್ ಸ್ಯಾಂಡ್‌ವೆಲ್ ಅವರೊಡನೆ 1997ರಲ್ಲಿ ಅಂಥ ಊಹೆಯಿಂದ ಜಾಗತಿಕ ಕಡಲಾಳದ ನಕ್ಷೆ ಪ್ರಕಟಿಸಿದವರು. ಈ ಸಂಕೇತಗಳ ಗ್ರಿಡ್‌ಗೆ ಮಾತ್ರ ಬೈಕ್ಯೂಬಿಕ್ ಆಗಲಿ ಬೈಲೀನಿಯರ್ ಆಗಲಿ ಸಲ್ಲದು. 11 ಮತ್ತು 40ರ ನಡುವೆ 25 ಎಂದು ಬಂದರೆ ಆ 25ಕ್ಕೆ ಅರ್ಥವಿಲ್ಲ. ಹತ್ತಿರದ ಬಿಂದುವಿನ ಬೆಲೆಯನ್ನು ಹಾಗೆಯೇ ತೆಗೆದುಕೊಳ್ಳುವ ವಿಧಾನವನ್ನು ಬೇರೆಯಾಗಿ ಕೇಳಬೇಕು. ಆ ವಿಧಾನ ಒಂದು ಓಟದ ಎಲ್ಲ ಗ್ರಿಡ್‌ಗಳಿಗೂ ಅನ್ವಯವಾಗುವುದರಿಂದ ಟಿಐಡಿಯನ್ನು ಪ್ರತ್ಯೇಕ ಓಟದಲ್ಲಿ ತೆಗೆಯುವುದು ಸರಿ. ಭೂಬಳಕೆ, ಮಣ್ಣಿನ ಬಗೆ ಮುಂತಾದ ಎಲ್ಲ ಸಂಕೇತ ಗ್ರಿಡ್‌ಗಳಿಗೂ ಇದೇ ಮಾತು.

ನಾನು ಅತ್ಯಂತ ಮೆಚ್ಚಿರುವುದು ಸಿ ಆಯ್ಕೆಯನ್ನು. ಒಂದು ಗೆರೆ ಕೊಟ್ಟು, ಅದಕ್ಕೆ ಅಡ್ಡವಾಗಿ ಎಷ್ಟು ಉದ್ದದ ಗೆರೆಗಳು ಎಷ್ಟು ಅಂತರಕ್ಕೊಂದು ಬೇಕು ಎಂದು ಹೇಳಿದರೆ, ಸಾಧನ ತಾನೇ ಆ ಅಡ್ಡಗೆರೆಗಳನ್ನು ಎಳೆದು ಪ್ರತಿಯೊಂದರ ಮೇಲೂ ಬೆಲೆಗಳನ್ನು ತೆಗೆಯುತ್ತದೆ. ಸಾಗರದ ನಡುವಿನ ಪರ್ವತಶ್ರೇಣಿಗಳನ್ನು ಅಭ್ಯಾಸ ಮಾಡುವವರಿಗೆ ಬೇಕಾದ ಈ ಸೌಲಭ್ಯ ಪಶ್ಚಿಮ ಘಟ್ಟಕ್ಕೂ ಚೆನ್ನಾಗಿ ಒಗ್ಗುತ್ತದೆ. ಆಗುಂಬೆಯಿಂದ ಸಂಪಾಜೆಯವರೆಗೆ ಘಟ್ಟದ ಅಂಚನ್ನು ಗೆರೆಯಾಗಿ ಗುರುತಿಸಿ, ಐದು ಕಿಲೋಮೀಟರಿಗೊಂದು ನಲವತ್ತು ಕಿಲೋಮೀಟರ್ ಉದ್ದದ ಅಡ್ಡಗೆರೆ ಕೇಳಿದರೆ, ಘಟ್ಟ ಎಲ್ಲಿ ಕಡಿದಾಗಿದೆ, ಎಲ್ಲಿ ಮೆಟ್ಟಿಲಾಗಿ ಇಳಿಯುತ್ತದೆ ಎಂಬುದು ಒಂದೊಂದಾಗಿ ತೆರೆದುಕೊಳ್ಳುತ್ತದೆ. ಎಸ್ ಆಯ್ಕೆ ಸೇರಿಸಿದರೆ ಎಲ್ಲ ಅಡ್ಡಗೆರೆಗಳನ್ನೂ ಒಂದರ ಮೇಲೊಂದು ಪೇರಿಸಿ ಒಂದು ಪ್ರಾತಿನಿಧಿಕ ರೂಪವನ್ನೂ ಅದರ ಏರುಪೇರಿನ ಮಿತಿಗಳನ್ನೂ ಕೊಡುತ್ತದೆ. ಇಲ್ಲಿ ಸರಾಸರಿಯ ಬದಲು ಮಧ್ಯಾಂಕವನ್ನು ಆರಿಸುವುದು ಮೇಲು, ಏಕೆಂದರೆ 1890 ಮೀಟರ್ ದಾಟುವ ಕುದುರೆಮುಖದ ಆಸುಪಾಸಿನ ಒಂದೆರಡು ಗೆರೆಗಳೇ ಸರಾಸರಿಯನ್ನು ಮೇಲಕ್ಕೆ ಎಳೆದುಬಿಡುತ್ತವೆ. ಮೊದಲು ಹೇಳಿದ ಸಾವನದುರ್ಗವೂ ಹತ್ತು ಹನ್ನೆರಡು ಕಿಲೋಮೀಟರ್ ಅಗಲದ ಅಡ್ಡಗೆರೆಗಳನ್ನು ಒತ್ತಾಗಿ ಹಾಕಿದಾಗ ಅವುಗಳ ಗರಿಷ್ಠ ಬೆಲೆಯಲ್ಲಿ ಎದ್ದು ಕಾಣುತ್ತದೆ. ಮೂಲ ಗೆರೆಯನ್ನು ಉತ್ತರದಿಂದ ಎಳೆದದ್ದೋ ದಕ್ಷಿಣದಿಂದ ಎಳೆದದ್ದೋ ಎಂಬುದರ ಮೇಲೆ ಅಡ್ಡಗೆರೆಯ ಎಡಬಲ ತಿರುಗುಮುರುಗಾಗುವುದನ್ನು ಗಮನದಲ್ಲಿಡಬೇಕು. ಇಲ್ಲದಿದ್ದರೆ ಚಿತ್ರದಲ್ಲಿ ಕಡಲು ಪೂರ್ವಕ್ಕೆ ಬಂದು ಕೂರುತ್ತದೆ.

ರಸ್ತೆ ಮತ್ತು ರೈಲಿನ ದಾರಿಗಳ ಮೇಲೆ ಎತ್ತರ ತೆಗೆಯುವವರಿಗೆ ಒಂದು ಮಾತು. ಸಕಲೇಶಪುರ ಮತ್ತು ಸುಬ್ರಹ್ಮಣ್ಯ ರೋಡ್ ನಡುವಿನ ಸುಮಾರು 55 ಕಿಲೋಮೀಟರ್ ಘಟ್ಟದ ರೈಲುಮಾರ್ಗದಲ್ಲಿ 57 ಸುರಂಗಗಳಿವೆ. ಮಾರ್ಗದ ಇಳಿಜಾರು 50ಕ್ಕೆ 1, ಅಂದರೆ ಕಿಲೋಮೀಟರಿಗೆ 20 ಮೀಟರ್. ಹಳಿಯ ಗೆರೆಯನ್ನು 30 ಮೀಟರಿನ ಗ್ರಿಡ್ ಮೇಲೆ ಹಾಯಿಸಿದರೆ ಸುರಂಗವಿರುವ ಕಡೆ ಸಿಗುವುದು ಹಳಿಯ ಎತ್ತರವಲ್ಲ, ಅದರ ನೆತ್ತಿಯ ಮೇಲಿನ ಗುಡ್ಡದ್ದು. ಸೇತುವೆಯಿರುವ ಕಡೆ ಅದರ ಕೆಳಗಿನ ಕಣಿವೆಯದ್ದು. ದಟ್ಟ ಕಾಡಿನಲ್ಲಿ ರೇಡಾರ್ ಅಳೆದದ್ದು ಬಹುಮಟ್ಟಿಗೆ ಮರಗಳ ಮೇಲ್ಛಾವಣಿಯನ್ನು, ನೆಲವನ್ನಲ್ಲ. ಕಿಲೋಮೀಟರಿಗೆ ನೂರಾರು ಮೀಟರ್ ಏರಿದಂತೆ ಕಂಡರೆ ತಪ್ಪು ಜಿಆರ್‌ಡಿಟ್ರ್ಯಾಕ್‌ನದ್ದಲ್ಲ, ಕೇಳಿದ ಪ್ರಶ್ನೆಗೆ ಆ ಗ್ರಿಡ್‌ನಲ್ಲಿ ಉತ್ತರವೇ ಇರಲಿಲ್ಲ.

ಬೇರೆ ಸಾಧನಗಳ ಮಾತು ಚಿಕ್ಕದು. ಒಂದೆರಡು ಗೆರೆಗಳನ್ನು ಕಣ್ಣಿನಿಂದ ನೋಡಿದರೆ ಸಾಕೆನ್ನುವವರಿಗೆ ನಕ್ಷೆ ತಂತ್ರಾಂಶವಾದ ಕ್ಯೂಜಿಐಎಸ್‌ನ ಎತ್ತರದ ಪ್ರೊಫೈಲ್ ಕಿಟಕಿಯೇ ಸಾಕು. ಪೈಥಾನ್ ಬಲ್ಲವರು ಪೈಜಿಎಂಟಿ ಮೂಲಕ ಇದೇ ಸಾಧನವನ್ನು ಕರೆದು ಉತ್ತರವನ್ನು ನೇರವಾಗಿ ಪಾಂಡಾಸ್ ಕೋಷ್ಟಕವಾಗಿ ಪಡೆಯಬಹುದು. ಅಲ್ಲಿ ಆಯ್ಕೆಗಳಿಗೆ ಒಂಟಿ ಅಕ್ಷರದ ಬದಲು ಪೂರ್ಣ ಹೆಸರುಗಳೂ ಇರುವುದರಿಂದ ಎರಡು ಎನ್‌ಗಳ ಗೊಂದಲ ಕಡಿಮೆಯಾಗುತ್ತದೆ. ನೂರಾರು ಗೆರೆ, ಹತ್ತಾರು ಗ್ರಿಡ್, ವರ್ಷದ ಪ್ರತಿ ದಿನದ ಮಳೆ ಎಂದಾದರೆ ಮಾತ್ರ ಕಮಾಂಡ್ ಲೈನ್‌ನ ಈ ಮೂಲ ರೂಪಕ್ಕೆ ಸಾಟಿಯಾದದ್ದನ್ನು ನಾನು ಕಂಡಿಲ್ಲ. ಲಿನಕ್ಸ್, ವಿಂಡೋಸ್, ಮ್ಯಾಕ್ ಮೂರರಲ್ಲೂ ಸುಲಭವಾಗಿ ಸ್ಥಾಪನೆಯಾಗುತ್ತದೆ. ಕೈಪಿಡಿ ಇಂಗ್ಲಿಷಿನಲ್ಲಿದ್ದು, ಆಯ್ಕೆಗಳ ವಿವರಣೆ ಕರಾರುವಾಕ್ಕಾಗಿದೆ; ಆದರೆ ಯಾವ ಬಗೆಯ ಗ್ರಿಡ್‌ಗೆ ಯಾವ ಇಂಟರ್‌ಪೊಲೇಷನ್ ಸಲ್ಲುತ್ತದೆ ಎಂದು ತಿಳಿಹೇಳುವ ಒಂದು ಪುಟವನ್ನು ಉದಾಹರಣೆಗಳ ಮೊದಲಿಗೇ ಸೇರಿಸಿದ್ದರೆ, ಮಳೆ ಮತ್ತು ಭೂಬಳಕೆಯ ಕಡೆಯಿಂದ ಬರುವ ಹೊಸಬರಿಗೆ ಬಹಳ ಉಪಕಾರವಾಗುತ್ತಿತ್ತು.